ಕಾಳಿಯ ಕಲ್ಲು, ಕೊರಳ ಪಟ್ಟಿ

ನಮ್ಮ ಐನಾಪುರದ ಕಡೆ ನಾಯಿಯ ಕೊರಳಿಗೆ ಏನು ಕಟ್ಟುತ್ತೇವೆ, ಒಮ್ಮೆ ನೆನಪು ಮಾಡಿಕೊಳ್ಳಿ. ಹಳೆ ಸೀರೆಯ ಅಂಚು. ಗೊಬ್ಬರದ ಚೀಲ ಬಿಚ್ಚಿದಾಗ ಸಿಕ್ಕ ದಾರ. ಎತ್ತಿನ ಕಣ್ಣಿಯಲ್ಲಿ ಉಳಿದ ತುಂಡು ಹಗ್ಗ. ತೀರ ಪ್ರೀತಿ ಇದ್ದರೆ ಅದಕ್ಕೊಂದು ಗೆಜ್ಜೆ, ದೃಷ್ಟಿ ತಾಗದಿರಲೆಂದು ಒಂದು ಕರಿ ದಾರ. ಅಷ್ಟೇ. ನಾಯಿಗೆಂದು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಸಾಮಾನು ತರುವುದು ನಮ್ಮ ಹಿರಿಯರಿಗೆ ಈಗಲೂ ನಗೆ ತರಿಸುವ ಮಾತು.

ಹೋದ ವರ್ಷ ನಮ್ಮಲ್ಲೊಬ್ಬರು ಫೋನಿನಲ್ಲಿ ನೋಡಿ ತಮ್ಮ ಮನೆಯ ನಾಯಿಗೆ ಒಂದು ಪಟ್ಟಿ ತರಿಸಿದರು. ಕೆಂಪು ಬಣ್ಣ, ಹೊಳೆಯುವ ಬಕಲ್, ಬೆಲೆ ಒಂದು ದಿನದ ಕೂಲಿಗಿಂತ ಹೆಚ್ಚು. ನಾಯಿ ಚೆಂದ ಕಂಡಿತು, ಫೋಟೋ ಸ್ಟೇಟಸ್ಸಿಗೆ ಹೋಯಿತು. ತಿಂಗಳು ಕಳೆಯುವುದರೊಳಗೆ ಕೊರಳ ಸುತ್ತ ಕೂದಲು ಉದುರಿ ಚರ್ಮ ಕೆಂಪಾಯಿತು. ನೈಲಾನಿನ ಅಂಚು ಕೊಯ್ದಿತ್ತು. ಬೇಸಿಗೆಯ ಬೆವರು ಧೂಳು ಸೇರಿ ಒಳಗೆ ಹುಣ್ಣಾಗಿತ್ತು. ಪಟ್ಟಿ ಮಾಡಿದವರು ಆ ನಾಯಿಯನ್ನು ನೋಡಿರಲಿಲ್ಲ. ನೋಡುವುದು ಸಾಧ್ಯವೂ ಇರಲಿಲ್ಲ ಅನ್ನಿ.

ಆ ಹುಣ್ಣಿನಿಂದ ನಮ್ಮ ನಡುವೆ ಒಂದು ಮಾತು ಶುರುವಾಯಿತು. ಸಾಕುಪ್ರಾಣಿಗಳ ಸಾಮಾನಿನ ಸಣ್ಣ ವ್ಯಾಪಾರವನ್ನು ನಮ್ಮಂಥ ಊರಿನವರು ಮಾಡಬಹುದೇ? ಮಾಡಿದವರು ಯಾರಾದರೂ ಇದ್ದಾರೆಯೇ? ಲಾಭ ನಷ್ಟದ ಲೆಕ್ಕ ಬಲ್ಲವರು ಬೇರೆ ಇದ್ದಾರೆ. ನಾವು ಹಿಂದಿನದನ್ನು ಹುಡುಕಿದೆವು. ಪ್ರಾಣಿಗೆಂದು ಮಾಡಿದ ವಸ್ತು ಎಲ್ಲೆಲ್ಲಿ ಬಾಳಿತೋ ಅಲ್ಲೆಲ್ಲ ಮೊದಲು ಯಾರೋ ಒಬ್ಬರು ಒಂದು ಪ್ರಾಣಿಯ ಕಷ್ಟವನ್ನು ಕೂತು ನೋಡಿದ್ದರು. ಅಂಗಡಿ ಆಮೇಲೆ ಬಂದದ್ದು. ಹೀಗೆ ನೋಡುವ ಕೆಲಸ ನಮ್ಮ ಊರುಗಳಲ್ಲೂ ಇತ್ತು, ಆದರೆ ಅದನ್ನು ಮಾಡಿದವರನ್ನು ನಾವು ವ್ಯಾಪಾರಿಗಳೆಂದು ಕರೆಯಲಿಲ್ಲ.

ಹಳೆಯದರಿಂದ ಶುರು ಮಾಡೋಣ. ಸೇಡಂಗೆ ಹೋಗುವ ಬಸ್ಸಿನಲ್ಲಿ ಮಳಖೇಡ ಬಂದಾಗ ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆ ಕಾಣುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಅಲ್ಲಿಂದ ಆಳಿದ ಮೂರನೆಯ ಕೃಷ್ಣ 949ರಲ್ಲಿ ತಮಿಳುನಾಡಿನ ತಕ್ಕೋಲಂ ಎಂಬಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಗಂಗರ ಅರಸ ಎರಡನೆಯ ಬೂತುಗ ಅವನ ಜೊತೆಗಿದ್ದ. ಚೋಳ ರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಗೆದ್ದ ಮೇಲೆ ಕೃಷ್ಣ ಬೂತುಗನಿಗೆ ಬನವಾಸಿ, ಬೆಳ್ವೊಲ ಮುಂತಾದ ನಾಡುಗಳನ್ನೇ ಬರೆದುಕೊಟ್ಟ.

ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಏನು ಬೇಕೋ ಕೇಳು ಎಂದ. ಒಡೆಯನಿಗೆ ಇಷ್ಟೊಂದು ನಾಡು ಸಿಕ್ಕ ಹೊತ್ತು. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಆ ಕಾಳಿಯನ್ನು ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಶಿವನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಬಿದ್ದ ಚಿತ್ರ ಕೊರೆಸಿದರು. ಅದರ ಪೂಜೆ ನಿಲ್ಲದಿರಲೆಂದು ಭೂಮಿ ಬಿಟ್ಟರು. ಭೂಮಿ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಂದೂ ಶಾಸನದಲ್ಲಿ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹುಡುಗರು ಒಂದು ರವಿವಾರ ಹೋಗಿ ನೋಡಬಹುದು.

ತಕ್ಕೋಲಂ ಯುದ್ಧದ ಇತಿಹಾಸ ಬರೆಯುವವರಿಗೆ ಈ ಕಲ್ಲು ದೊಡ್ಡ ಸಾಕ್ಷಿ. ಹಾಗಾಗಿ ಪುಸ್ತಕಗಳಲ್ಲಿ ಯುದ್ಧದ್ದೇ ಮಾತು, ನಾಯಿಯದ್ದು ಒಂದು ಸಾಲು. ನಮಗೆ ತಲೆಯಲ್ಲಿ ಉಳಿದದ್ದು ಬೇರೆ. ಕಾಳಿಯ ಹೆಸರನ್ನು ಬರೆದಿಟ್ಟರು. ಅದು ಹೇಗೆ ಸತ್ತಿತೆಂದು ಬರೆದಿಟ್ಟರು. ಅದರ ನೆನಪಿಗೆ ಖರ್ಚು ಎಲ್ಲಿಂದ ಬರಬೇಕೆಂಬುದನ್ನೂ ಗೊತ್ತು ಮಾಡಿದರು. ಪ್ರಾಣಿಗಾಗಿ ಖರ್ಚು ಮಾಡುವುದು ಪಟ್ಟಣದ ಹೊಸ ಶೋಕಿ ಎನ್ನುವವರಿಗೆ ಈ ಕಲ್ಲು ತೋರಿಸಬೇಕು.

ಅರಸರ ನಾಯಿಯ ಮಾತು ಸಾಕು, ರೈತರ ಮನೆಗೆ ಬರೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರಾಣಿಗಳ ಸಾಮಾನಿಗೆ ಅಂಗಡಿ ಇರಲಿಲ್ಲ, ಆದರೆ ಸಾಮಾನು ಕಡಿಮೆ ಇರಲಿಲ್ಲ. ಕಾರಹುಣ್ಣಿಮೆಯ ದಿನ ಒಂದು ಜೋಡಿ ಎತ್ತಿನ ಮೈಮೇಲೆ ಏನೇನಿತ್ತು ಎಣಿಸಿ ನೋಡಿ. ಹಣೆಪಟ್ಟಿ, ಗೊಂಡೆ, ಕೋಡಣಸು, ಗಂಟೆ, ಗೆಜ್ಜೆಸರ, ಬೆನ್ನಿಗೆ ಝೂಲ. ದಿನದ ಬಳಕೆಗೆ ಮೂಗುದಾರ, ಮೊಗಡ, ಕಣ್ಣಿ, ದಾವಣಿ, ಬಾಯಿಬುಟ್ಟಿ. ಒಂದೊಂದರ ಹಿಂದೆಯೂ ಒಬ್ಬ ಮಾಡುವವನಿದ್ದ. ಚರ್ಮದ ಮಿಣಿ, ಪಟ್ಟಿ ಸಮಗಾರರದು. ಬುಟ್ಟಿ ಮೇದಾರರದು. ಗೊರಸಿಗೆ ಹೊಡೆಯುವ ನಾಲು ಕಬ್ಬಿಣದ ಕೆಲಸದವರದು. ಕಂಬಳಿ ಕುರುಬರದು. ಹಗ್ಗವನ್ನು ರೈತನೇ ಹೊಲದ ಅಂಚಿನ ಪುಂಡಿಯಿಂದ ಹೊಸೆಯುತ್ತಿದ್ದ. ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಪುಂಡಿ ಪಲ್ಯ ಈಗಲೂ ನಮ್ಮ ರೊಟ್ಟಿಯ ಜೊತೆಗಿದೆ, ಪುಂಡಿ ಹಗ್ಗ ಕಾಣುವುದು ಅಪರೂಪ.

ಈ ವಸ್ತುಗಳನ್ನು ಹತ್ತಿರದಿಂದ ನೋಡಿದರೆ ಮಾಡಿದವರ ಕಣ್ಣು ಎಷ್ಟು ಸೂಕ್ಷ್ಮ ಇತ್ತು ಎಂದು ಗೊತ್ತಾಗುತ್ತದೆ. ಬಾಯಿಬುಟ್ಟಿಯನ್ನೇ ತೆಗೆದುಕೊಳ್ಳಿ. ಎಡೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕಬಾರದು, ಅದು ರೈತನ ಅವಶ್ಯಕತೆ. ಆದರೆ ಬಿಸಿಲಲ್ಲಿ ದುಡಿಯುವ ಎತ್ತಿಗೆ ಉಸಿರು ಕಟ್ಟಬಾರದು, ಅದು ಎತ್ತಿನ ಅವಶ್ಯಕತೆ. ಕಣ್ಣುಕಣ್ಣಾಗಿ ಹೆಣೆದ ಬುಟ್ಟಿ ಎರಡನ್ನೂ ಸಾಧಿಸಿತು. ಕುರಿಗಾಹಿಯ ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುವುದೂ ಹಾಗೆಯೇ. ತೋಳವಾಗಲಿ ಚಿರತೆಯಾಗಲಿ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ. ಮುಳ್ಳು ಹೊರಗೆ, ಒಳಗೆ ನಾಯಿಗೆ ಚುಚ್ಚದಂತೆ ಚರ್ಮ. ನಾಯಿ ಎಂಥ ಸಾವನ್ನು ಎದುರಿಸುತ್ತದೆ ಎಂದು ತಿಳಿದವರಿಗೆ ಮಾತ್ರ ಅಂಥ ಪಟ್ಟಿ ಹೊಳೆಯುತ್ತದೆ.

ಇನ್ನು ನಮ್ಮ ಕೊಂಚಾವರಂ ಕಡೆಯ ತಾಂಡಾಗಳ ಹಿರಿಯರು. ರೈಲು, ಲಾರಿ ಬರುವ ಮೊದಲು ದಖ್ಖನಿನ ಉದ್ದಗಲಕ್ಕೆ ಉಪ್ಪು, ಧಾನ್ಯ ಹೊತ್ತು ತಿರುಗಿದ್ದು ಲಂಬಾಣಿಗರ ಎತ್ತಿನ ಸಾಲು. ಸಾಲಿನ ಮುಂದಿನ ಎತ್ತಿಗೆ ಗಂಟೆ, ಕವಡೆಯ ಅಲಂಕಾರ. ಹೆಣ್ಣುಮಕ್ಕಳು ತಮ್ಮ ಬಟ್ಟೆಗೆ ಹಾಕುವ ಕಸೂತಿಯನ್ನೇ ಎತ್ತಿನ ಕೋಡಿನ ಹೊದಿಕೆಗೂ ಹಾಕುತ್ತಿದ್ದರು. ಇಂದು ಅಂಥ ತುಂಡುಗಳು ದೊಡ್ಡ ಊರುಗಳ ಸಂಗ್ರಹಗಳಲ್ಲಿ ಗಾಜಿನ ಹಿಂದೆ ಇವೆ. ನಾವು ಅದನ್ನು ಕಸೂತಿ ಎಂದು ಹೊಗಳುತ್ತೇವೆ. ಅದು ಒಂದು ಎತ್ತಿಗಾಗಿ ಮಾಡಿದ ಉಡುಪಾಗಿತ್ತು ಎಂಬುದು ಮರೆತುಹೋಗುತ್ತದೆ.

ಕೂಲಿ ಹೇಗೆ ಸಲ್ಲುತ್ತಿತ್ತು? ಆಯದ ರೂಪದಲ್ಲಿ. ವರ್ಷವಿಡೀ ಕೆಲಸ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಇಷ್ಟು ಜೋಳ. ಇದರೊಳಗೆ ಒಂದು ಗುಟ್ಟಿತ್ತು. ಪಟ್ಟಿ ಮಾಡಿದವ ಅದೇ ಊರಲ್ಲಿರುತ್ತಿದ್ದ, ಪ್ರಾಣಿಯೂ ಅದೇ ಊರಲ್ಲಿ. ಎತ್ತಿನ ಹೆಗಲು ಹುಣ್ಣಾದರೆ ಮರುದಿನ ಬೆಳಿಗ್ಗೆ ಅವನ ಕಿವಿಗೆ ಬೀಳುತ್ತಿತ್ತು. ತಿದ್ದಿ ಕೊಡಲೇಬೇಕು, ಇಲ್ಲವಾದರೆ ಬರುವ ಸುಗ್ಗಿಯಲ್ಲಿ ಮಾತು ಕೇಳಬೇಕು. ಇವತ್ತಿನ ಕಂಪನಿಗಳು ಗ್ರಾಹಕರ ಅಭಿಪ್ರಾಯಕ್ಕಾಗಿ ನಕ್ಷತ್ರ ಒತ್ತಿ ಎಂದು ಕೇಳುತ್ತವಲ್ಲ, ಅದು ನಮ್ಮಲ್ಲಿ ಕಟ್ಟೆಯ ಮೇಲೆ ಬಾಯಿಮಾತಿನಲ್ಲೇ ನಡೆಯುತ್ತಿತ್ತು.

ಇದನ್ನೇ ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ಸತ್ತ ದನದ ಚರ್ಮ ಸುಲಿದು ಹದ ಮಾಡಿದ ಕೈಯನ್ನು ಊರು ಮುಟ್ಟಲಿಲ್ಲ. ಆ ಕೈ ಹೊಲಿದ ಮಿಣಿ ಬೇಕಿತ್ತು, ಆ ಮನುಷ್ಯ ಹೊಸ್ತಿಲೊಳಗೆ ಬೇಡವಾಗಿದ್ದ. ಬೆಲೆ ಕಟ್ಟುವ ಹಕ್ಕು ಅವನದಾಗಿರಲಿಲ್ಲ, ಕೊಟ್ಟಷ್ಟು ತೆಗೆದುಕೊಳ್ಳಬೇಕಿತ್ತು. ಪ್ರಾಣಿಯ ಕೊರಳ ನೋವು ತಿಳಿದವನ ನೋವನ್ನು ಊರು ತಿಳಿಯಲಿಲ್ಲ. ಆ ವ್ಯವಸ್ಥೆ ಮುರಿದುದಕ್ಕೆ ನಮಗೆ ದುಃಖವಿಲ್ಲ. ಮುರಿದಾಗ ಅವರ ಕಸುಬಿನ ತಿಳಿವಳಿಕೆಗೆ ನ್ಯಾಯವಾದ ಬೆಲೆ ಬರಬೇಕಿತ್ತು, ಬರಲಿಲ್ಲ ಎಂಬುದಷ್ಟೇ ತಕರಾರು. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದವು. ನೈಲಾನ್ ಹಗ್ಗ ಬಂದು ಪುಂಡಿ ನಾರು ಮೂಲೆ ಸೇರಿತು. ನೈಲಾನ್ ಅಗ್ಗ, ಮಳೆಗೆ ಕೊಳೆಯುವುದಿಲ್ಲ, ಒಪ್ಪೋಣ. ಆದರೆ ಎಳೆದಾಗ ಸುಡುವಂತೆ ಉಜ್ಜುತ್ತದೆ, ಒದ್ದೆಯಾದರೂ ಮೆತ್ತಗಾಗುವುದಿಲ್ಲ. ಮೂಗುದಾರದ ತೂತಿನಲ್ಲಿ ಅದು ಮಾಡುವ ಗಾಯ ದನ ಕಟ್ಟಿದವರಿಗೆಲ್ಲ ಗೊತ್ತು. ಸಮಗಾರರ ಮಕ್ಕಳು ವಾಡಿಯ ಸಿಮೆಂಟ್ ಕಾರ್ಖಾನೆಗೆ, ಶಹಾಬಾದಿನ ಕಲ್ಲಿನ ಗಣಿಗೆ, ಹೈದರಾಬಾದಿನ ಕೂಲಿಗೆ ಹೋದರು.

ನಮ್ಮಲ್ಲಿ ಎತ್ತಿನ ಗಂಟೆ ಇನ್ನೂ ಮೊಳಗುತ್ತಿದ್ದ ಕಾಲಕ್ಕೇ ಬೇರೆ ದೇಶಗಳಲ್ಲಿ ಪ್ರಾಣಿಗಳ ಸಾಮಾನು ಅಂಗಡಿಗೆ ಬಂದಿತ್ತು. ನಾಯಿಗೆಂದೇ ಮಾಡಿದ ಬಿಸ್ಕತ್ತಿನ ಕಥೆ ಹೀಗೆ ಹೇಳುತ್ತಾರೆ. ಅಮೆರಿಕದ ಜೇಮ್ಸ್ ಸ್ಪ್ರಾಟ್ ಎಂಬಾತ ಸಿಡಿಲು ತಡೆಯುವ ಕಂಬಿ ಮಾರಲು ಲಂಡನ್ನಿಗೆ ಹೋಗಿದ್ದ. ಬಂದರಿನಲ್ಲಿ ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬೀದಿ ನಾಯಿಗಳು ಮುಗಿಬಿದ್ದು ತಿನ್ನುವುದು ಕಂಡ. ಗೋಧಿ, ತರಕಾರಿ, ಒಣಗಿಸಿದ ಮಾಂಸ ಸೇರಿಸಿ ನಾಯಿಗೇ ಬಿಸ್ಕತ್ತು ಮಾಡಿದ. ಅದು 1860ರ ಆಸುಪಾಸು. ಸಿಡಿಲಿನ ಕಂಬಿ ಏನಾಯಿತೋ, ಬಿಸ್ಕತ್ತಿನ ಕಂಪನಿ ಮಾತ್ರ ಬೆಳೆಯಿತು. ಅದರಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಶುರು ಮಾಡಿದ. ಅದು ಇವತ್ತಿಗೂ ನಡೆಯುತ್ತಿದೆ.

ನಮ್ಮ ಮಣ್ಣಿಗೆ ಹತ್ತಿರದ ಕಥೆ ಇನ್ನೊಂದಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

1947ರ ಜನವರಿ. ನಮ್ಮ ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲಿ, ನಮ್ಮ ಕಲಬುರಗಿ ಇನ್ನೂ ನಿಜಾಮರ ಕೆಳಗೆ. ಅಮೆರಿಕದ ಮಿಷಿಗನ್ ರಾಜ್ಯದ ಕಸ್ಸೋಪೊಲಿಸ್ ಎಂಬ ಸಣ್ಣ ಊರಲ್ಲಿ ಎಡ್ ಲೋ ಎಂಬ ಯುವಕ ನೌಕಾಪಡೆಯಿಂದ ಮರಳಿ ಅಪ್ಪನ ವ್ಯಾಪಾರದಲ್ಲಿ ಕೈಜೋಡಿಸಿದ್ದ. ಕಾರ್ಖಾನೆಗಳ ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲು ಮರದ ಹೊಟ್ಟು, ಮಣ್ಣು ಮಾರುವ ವ್ಯಾಪಾರ. ಒಂದು ದಿನ ನೆರೆಮನೆಯ ಹೆಂಗಸು ಬಂದು ಸ್ವಲ್ಪ ಮರಳು ಕೇಳಿದಳು. ಅವಳ ಬೆಕ್ಕು ಚಳಿಗೆ ಹೊರಗೆ ಹೋಗುತ್ತಿರಲಿಲ್ಲ. ಮನೆಯೊಳಗೆ ಒಂದು ಡಬ್ಬಿಯಲ್ಲಿ ಒಲೆಯ ಬೂದಿ ಹಾಕಿ ಅದಕ್ಕೆ ಜಾಗ ಮಾಡಿದ್ದಳು. ಬೆಕ್ಕು ಬೂದಿಗಾಲಲ್ಲೇ ಮನೆ ತುಂಬ ಓಡಾಡುತ್ತಿತ್ತು. ಮರಳಾದರೂ ಹಾಕೋಣವೆಂದರೆ ಹೊರಗಿನ ಮರಳಿನ ರಾಶಿ ಹಿಮಕ್ಕೆ ಕಲ್ಲಾಗಿತ್ತು.

ಲೋ ಮರಳಿನ ಬದಲು ತನ್ನ ಗಾಡಿಯಲ್ಲಿದ್ದ ಒಣಗಿಸಿದ ಕಾಳುಮಣ್ಣು ಕೊಟ್ಟ. ಕೋಳಿಗೂಡಿಗೆ ಹಾಸಲು ಎಂದು ಅದನ್ನು ಮಾರಲು ನೋಡಿ ಸೋತಿದ್ದ ಮಣ್ಣದು. ಸ್ವಲ್ಪ ದಿನ ಬಿಟ್ಟು ಆಕೆ ಮತ್ತೆ ಬಂದಳು, ಆಕೆಯ ಗೆಳತಿಯರೂ ಕೇಳತೊಡಗಿದರು. ಮಣ್ಣು ತೇವ ಹೀರುತ್ತಿತ್ತು, ವಾಸನೆ ಕಡಿಮೆ, ಕಾಲಿಗೆ ಅಂಟುತ್ತಿರಲಿಲ್ಲ. ಲೋ ಹತ್ತು ಕಾಗದದ ಚೀಲಗಳಲ್ಲಿ ಐದೈದು ಪೌಂಡ್, ಅಂದರೆ ಎರಡೂಕಾಲು ಕಿಲೋದಷ್ಟು ತುಂಬಿ, ಕೈಬರಹದಲ್ಲಿ ಕಿಟ್ಟಿ ಲಿಟರ್ ಎಂದು ಬರೆದು ಅಂಗಡಿಗೆ ಒಯ್ದ. ಚೀಲಕ್ಕೆ 65 ಸೆಂಟ್ ಎಂದ. ಮರಳು ಪುಕ್ಕಟೆಯಂತೆ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವನು ನಕ್ಕ. ಹಾಗಾದರೆ ಪುಕ್ಕಟೆಯೇ ಕೊಡು ಎಂದು ಲೋ ಚೀಲ ಬಿಟ್ಟುಬಂದ. ಚೀಲ ಖಾಲಿಯಾದ ಮೇಲೆ ಜನ ದುಡ್ಡು ಕೊಟ್ಟು ಕೇಳಿದರು.

ಆಮೇಲೆ ಅವನು ಮಾಡಿದ್ದು ನಮಗೆ ಇನ್ನೂ ಹಿಡಿಸಿತು. ಬೆಕ್ಕಿನ ಪ್ರದರ್ಶನ ನಡೆಯುವ ಊರುಗಳಿಗೆ ಹೋಗಿ, ಮಳಿಗೆ ಹಾಕಲು ಜಾಗ ಕೊಟ್ಟರೆ ಎಲ್ಲ ಬೆಕ್ಕುಗಳ ಹೊಲಸಿನ ಡಬ್ಬಿ ತಾನೇ ತೊಳೆಯುತ್ತೇನೆ ಎಂದ. ನೂರಾರು ಡಬ್ಬಿ ತೊಳೆದ. ಹಾಗೆ ತೊಳೆದವನಿಗೆ ಬೆಕ್ಕಿನ ಬಗ್ಗೆ, ಬೆಕ್ಕು ಸಾಕುವವರ ಬಗ್ಗೆ ಗೊತ್ತಾಗದೆ ಉಳಿದದ್ದೇನು? 1990ರಲ್ಲಿ ಕಂಪನಿಯನ್ನು ಸುಮಾರು 20 ಕೋಟಿ ಡಾಲರಿಗೆ ಮಾರಿದ.

ನಮ್ಮ ಮಣ್ಣಿಗೆ ಹತ್ತಿರ ಎಂದೆವಲ್ಲ, ಬರೀ ಮಾತಿಗೆ ಹೇಳಿದ್ದಲ್ಲ. ಲೋ ಕೊಟ್ಟ ಮಣ್ಣನ್ನು ಇಂಗ್ಲಿಷಿನವರು ಫುಲ್ಲರ್ಸ್ ಅರ್ತ್ ಎನ್ನುತ್ತಾರೆ. ಉಣ್ಣೆಯ ಜಿಡ್ಡು ತೆಗೆಯುವ ಮಣ್ಣು ಎಂದರ್ಥ. ನಮ್ಮ ಅಕ್ಕತಂಗಿಯರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಅದೇ ಬಗೆಯದು. ಚಿಂಚೋಳಿಯ ಗಡಿ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಸಿಗುವ ತಾಂಡೂರಿನ ಸುತ್ತ ಈ ಮಣ್ಣನ್ನು ಗಣಿಯಿಂದ ತೆಗೆಯುತ್ತಾರೆ. ನಾವು ತಾಂಡೂರಿಗೆ ಸಂತೆಗೆ, ರೈಲಿಗೆ, ಆಸ್ಪತ್ರೆಗೆ ಹೋಗುತ್ತೇವೆ. ಅದೇ ದಾರಿಯಲ್ಲಿ ಲಾರಿಗಳು ಮಣ್ಣು ಹೊತ್ತು ಹೋಗುತ್ತವೆ. ಮಣ್ಣು ಲೋ ಅವನಿಗೂ ಇತ್ತು, ನಮಗೂ ಇದೆ. ಅವನಿಗೆ ಹೆಚ್ಚಿಗೆ ಸಿಕ್ಕಿದ್ದು ಮರಳು ಕೇಳಿ ಬಾಗಿಲಿಗೆ ಬಂದ ಒಬ್ಬ ನೆರೆಯವಳು.

ಗ್ಯಾರೇಜಿನ ಹುಡುಗರಿಗೆ ಒಂದು ಕಥೆ. ಅಮೆರಿಕದ ಕೊಲೊರಾಡೊದಲ್ಲಿ ಜೋ ಮಾರ್ಕಮ್ ಎಂಬಾತನ ಬಳಿ ಫ್ರಿಟ್ಜ್ ಎಂಬ, ಪೊಲೀಸ್ ಕೆಲಸದಿಂದ ಬಿಡುಗಡೆಯಾದ ನಾಯಿ ಇತ್ತು. ಅದಕ್ಕೆ ಕಲ್ಲು ಕಡಿಯುವ ಚಟ. ಹಲ್ಲು ಸವೆಯುತ್ತಿತ್ತು. ಏನು ಕೊಟ್ಟರೂ ಬಿಡಲಿಲ್ಲ. ಒಂದು ದಿನ ಮಾರ್ಕಮ್ ತನ್ನ ಹಳೆ ವ್ಯಾನ್ ಬಿಚ್ಚಿ ರಿಪೇರಿ ಮಾಡುತ್ತ ಬಿಡಿಭಾಗಗಳನ್ನು ಒಂದೊಂದಾಗಿ ಪಕ್ಕಕ್ಕೆ ಎಸೆಯುತ್ತಿದ್ದ. ಸಸ್ಪೆನ್ಷನ್ನಿನ ಒಂದು ರಬ್ಬರ್ ತುಂಡನ್ನು ಫ್ರಿಟ್ಜ್ ಕಚ್ಚಿ ಹಿಡಿದದ್ದು ಬಿಡಲೇ ಇಲ್ಲ. ಗಟ್ಟಿ, ಆದರೆ ಹಲ್ಲಿಗೆ ಪೆಟ್ಟಿಲ್ಲ. ಆ ಆಕಾರದ ರಬ್ಬರ್ ಆಟಿಕೆ 1970ರ ದಶಕದಲ್ಲಿ ಕಾಂಗ್ ಎಂಬ ಹೆಸರಿನಲ್ಲಿ ಬಂತು, ಈಗ ಭಾರತದ ಪೇಟೆಯಲ್ಲೂ ಇದೆ. ಆಯ್ಕೆ ಮಾಡಿದ್ದು ನಾಯಿ. ಮನುಷ್ಯನ ಪಾಲಿಗೆ ಇದ್ದದ್ದು ಅದನ್ನು ಗಮನಿಸುವ ಕೆಲಸ.

ಇದಕ್ಕೆ ತದ್ವಿರುದ್ಧದ ಒಂದು ವ್ಯಾಪಾರವೂ ಅದೇ ದೇಶದಲ್ಲಿ, ಅದೇ ದಶಕದಲ್ಲಿ ನಡೆಯಿತು. 1975ರಲ್ಲಿ ಗ್ಯಾರಿ ಡಾಲ್ ಎಂಬ ಜಾಹೀರಾತಿನವನು ಸಾಕು ಕಲ್ಲು ಮಾರಿದ. ಹೌದು, ಕಲ್ಲೇ. ಉಸಿರಾಟಕ್ಕೆ ತೂತು ಇರುವ ಪೆಟ್ಟಿಗೆ, ಹುಲ್ಲಿನ ಹಾಸಿಗೆ, ಸಾಕುವ ಕ್ರಮದ ಪುಸ್ತಕ. ಬೆಲೆ ನಾಲ್ಕು ಡಾಲರಿನ ಹತ್ತಿರ. ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲು ಹೋದವು, ಆಮೇಲೆ ಜನ ಮರೆತರು. ಶಹಾಬಾದ್ ಕಲ್ಲಿನ ನಾಡಿನವರಾದ ನಮಗೆ ಇದನ್ನು ಓದಿ ಹೊಟ್ಟೆ ಉರಿಯಿತು ಎಂದು ಸುಳ್ಳು ಹೇಳುವುದಿಲ್ಲ, ನಗುವೇ ಬಂತು. ಆದರೆ ಇಂದು ಪ್ರಾಣಿಗಳ ಹೆಸರಲ್ಲಿ ಮಾರುವ ಎಷ್ಟೋ ಸಾಮಾನು ಇದೇ ಜಾತಿಯದು. ನಾಯಿಗೆ ಕನ್ನಡಕ, ಬೆಕ್ಕಿಗೆ ಟೈ. ದುಡ್ಡು ಕೊಡುವವರಿಗೆ ಖುಷಿ, ಹಾಕಿಕೊಂಡ ಪ್ರಾಣಿ ಕಾಲಲ್ಲಿ ಕೆರೆದು ಕಿತ್ತು ಹಾಕಲು ನೋಡುತ್ತದೆ.

ಕರ್ನಾಟಕಕ್ಕೆ ಮರಳೋಣ. ಬೆಂಗಳೂರಿನ ಹಿಮಾಲಯ ಕಂಪನಿ ಇಂದು ಮನುಷ್ಯರ ಔಷಧಿಯ ಜೊತೆ ಸಾಕುಪ್ರಾಣಿಗಳ ಶಾಂಪೂ, ಔಷಧಿ, ಆಹಾರವನ್ನೂ ಮಾರುತ್ತದೆ. ಅದರ ಸ್ಥಾಪಕ ಎಂ. ಮನಾಲ್ ಅವರು ಬರ್ಮಾದ ಕಾಡಿನಲ್ಲಿ ರೊಚ್ಚಿಗೆದ್ದ ಆನೆಗಳಿಗೆ ಹಳ್ಳಿಗರು ಒಂದು ಬೇರು ತಿನ್ನಿಸಿ ಸಮಾಧಾನ ಮಾಡುವುದನ್ನು ಕಂಡರಂತೆ. ಅದು ಸರ್ಪಗಂಧಿ. ಆ ಬೇರಿನಿಂದ ರಕ್ತದೊತ್ತಡದ ಮಾತ್ರೆ 1934ರಲ್ಲಿ ಬಂತು. ಕಂಪನಿ ತಾನೇ ಹೇಳಿಕೊಳ್ಳುವ ಕಥೆ ಇದು. ಇದರಲ್ಲಿ ನಮಗೆ ಕಾಡುವುದು ಬೇರು ತಿನ್ನಿಸಿದ ಆ ಹಳ್ಳಿಗರು. ಅವರ ಹೆಸರು ಯಾವ ಪೆಟ್ಟಿಗೆಯ ಮೇಲೂ ಇಲ್ಲ.

ನಾಯಿಯನ್ನೇ ನಂಬಿ ಬದುಕು ಕಟ್ಟಿದ ಊರೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳ. ಅಲ್ಲಿನ ಅರಸ ಮಾಲೋಜಿರಾವ್ ಘೋರ್ಪಡೆ ಸುತ್ತಮುತ್ತ ಬೇಟೆಗೆ ಬಳಸುತ್ತಿದ್ದ ತೆಳು ಮೈಯ, ಉದ್ದ ಕಾಲಿನ ನಾಯಿಗಳನ್ನು ಗಮನಿಸಿ ತಳಿ ಉಳಿಸಲು ಮುಂದಾದರು. ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು, ಮುಧೋಳ ಹೌಂಡ್ ಎಂಬ ಹೆಸರು ಅಲ್ಲಿಂದ ನಿಂತಿತು. 2005ರ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ನಾಯಿ ಸಂಶೋಧನಾ ಕೇಂದ್ರ ನಡೆಸುತ್ತದೆ. ಅಲ್ಲಿಂದ ಮರಿಗಳು ಮೀರತ್ತಿನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೂ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೊ ಮಾತಿನಲ್ಲಿ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಪರಿಚಯವಾಯಿತು. ಮುಧೋಳ ಸುತ್ತಿನ ಹಳ್ಳಿಗಳಲ್ಲಿ ಸಣ್ಣ ರೈತರು, ಭೂಮಿ ಇಲ್ಲದವರು ಮನೆಯಲ್ಲಿ ನಾಯಿ ಸಾಕಿ ಮರಿ ಮಾರುತ್ತಾರೆ.

ಹೆಸರಾದ ಮೇಲೆ ತೊಂದರೆಯೂ ಬಂತು. ಬಯಲಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿಯನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಟ್ಟಿ ಹಾಕಿದರೆ ಅದು ಸೋಫಾ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ. ತಪ್ಪು ನಾಯಿಯ ತಲೆಗೆ ಬರುತ್ತದೆ. ದುಡ್ಡಿನ ಆಸೆಗೆ ತಾಯಿ ನಾಯಿಯನ್ನು ಎಡೆಬಿಡದೆ ಮರಿ ಹಾಕಿಸುವವರು ಎಲ್ಲ ಕಡೆಯೂ ಇದ್ದಾರೆ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಹದಿನೆಂಟು ತಿಂಗಳಾಗದ ಹೆಣ್ಣು ನಾಯಿಯನ್ನು ಕೂಡಿಸುವಂತಿಲ್ಲ, ಬಾಳಿನಲ್ಲಿ ಐದು ಸಲಕ್ಕಿಂತ ಹೆಚ್ಚು ಮರಿ ಹಾಕಿಸುವಂತಿಲ್ಲ. ಮರಿ ಕೊಳ್ಳುವವರು ಇದನ್ನು ಕೇಳಬೇಕು. ಮಾರುವವರು ಹೇಳುತ್ತಾರೆಂದು ಕಾಯಬೇಡಿ.

ಮುಧೋಳ ನಾಯಿಯನ್ನು ಎದುರಿಗೆ ನಿಲ್ಲಿಸಿ ನೋಡಿ. ತಲೆ ಉದ್ದ, ಸಪೂರ. ಕುತ್ತಿಗೆ ತಲೆಯಷ್ಟೇ ದಪ್ಪ. ಅಂಗಡಿಯ ಸಾದಾ ಪಟ್ಟಿ ಹಾಕಿದರೆ ಹಿಂದಕ್ಕೊಮ್ಮೆ ಜಗ್ಗಿ ತಲೆ ಜಾರಿಸಿಕೊಂಡು ಹೋಗುತ್ತದೆ. ಜಾರದಂತೆ ಬಿಗಿದರೆ ಉಸಿರು ಕಟ್ಟುತ್ತದೆ. ಇಂಥ ನಾಯಿಗೆ ಬೇಕಾದ್ದು ನಡುವೆ ನಾಲ್ಕು ಬೆರಳಿನಷ್ಟು ಅಗಲ, ತುದಿಗೆ ಕಿರಿದಾಗುವ ಮೆತ್ತನೆಯ ಚರ್ಮದ ಪಟ್ಟಿ. ಎಳೆತ ಒಂದೇ ಗೆರೆಯ ಮೇಲೆ ಬೀಳದೆ ಹರಡಬೇಕು. ಇನ್ನು ಮೈ ನೋಡಿ. ಕೊಬ್ಬಿಲ್ಲ, ಕೂದಲು ಗಿಡ್ಡ, ಎಲುಬು ಚರ್ಮಕ್ಕೆ ಹತ್ತಿರ. ಫರ್ಸಿ ಕಲ್ಲಿನ ನೆಲದ ಮೇಲೆ ಮಲಗಿದರೆ ಮೊಣಕೈ ಜಡ್ಡುಗಟ್ಟುತ್ತದೆ, ಡಿಸೆಂಬರಿನ ಚಳಿಗೆ ನಡುಗುತ್ತದೆ. ಅದಕ್ಕೆ ಹಾಸಿಗೆ ಬೇಕು.

ಹಾಸಿಗೆ ಎಂದರೆ ಫೋಮಿನದೇ ಆಗಬೇಕೆಂದಿಲ್ಲ. ನಮ್ಮ ಅಮ್ಮಂದಿರು ಹಳೆ ಸೀರೆ, ಧೋತರ ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ದಾರ ಓಡಿಸಿ ಹೊಲಿಯುವ ಕೌದಿ ಇದೆಯಲ್ಲ. ಒಗೆಯಬಹುದು, ಬೇಗ ಒಣಗುತ್ತದೆ, ಬೇಸಿಗೆಗೆ ಬೆವರು ಹೀರುತ್ತದೆ, ಚಳಿಗೆ ಬೆಚ್ಚಗಿಡುತ್ತದೆ. ಮನೆಯ ನಾಯಿ ಕಣ್ಣು ತಪ್ಪಿಸಿ ಯಾವುದರ ಮೇಲೆ ಹೋಗಿ ಮಲಗುತ್ತದೆ ನೋಡಿ. ಕೌದಿಯ ಮೇಲೆಯೇ.

ಅಂದಹಾಗೆ, ಹುಣ್ಣಾದ ಆ ನಾಯಿಯ ಮಾತು ಬಾಕಿ ಇದೆ. ಫೋನಿನ ಪಟ್ಟಿ ಬಿಚ್ಚಿ, ಗಾಯ ವಾಸಿಯಾಗುವ ತನಕ ಕೊರಳಿಗೆ ಏನೂ ಕಟ್ಟಲಿಲ್ಲ. ಆಮೇಲೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಬಳಿಗೆ ನಾಯಿಯನ್ನೇ ಕರೆದುಕೊಂಡು ಹೋದೆವು. ಅವರು ಅಳತೆ ಪಟ್ಟಿ ತೆಗೆಯಲಿಲ್ಲ. ನಾಯಿಗೆ ಮೊದಲು ಕೈ ಮೂಸಲು ಕೊಟ್ಟರು. ಕೊರಳ ಸುತ್ತ ಬೆರಳು ಆಡಿಸಿ ಕೂದಲು ಎಲ್ಲಿ ತೆಳು ಇದೆ ನೋಡಿದರು. ಒಂದು ದಾರ ಸುತ್ತಿ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟು ಗಂಟು ಹಾಕಿಟ್ಟುಕೊಂಡರು. ಎರಡು ದಿನ ಬಿಟ್ಟು ಹೋದಾಗ ಹರಳೆಣ್ಣೆ ಕುಡಿಸಿ ಮೆತ್ತಗೆ ಮಾಡಿದ ಅಗಲ ಪಟ್ಟಿ ಸಿದ್ಧವಿತ್ತು. ಒಳಬದಿಗೆ ಹಳೆ ಕಂಬಳಿಯ ತುಂಡು, ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದಿದ್ದರು. ಕೇಳಿದ ದುಡ್ಡು ಫೋನಿನ ಪಟ್ಟಿಯ ಅರ್ಧದಷ್ಟೂ ಇರಲಿಲ್ಲ. ನಾವು ಪೂರಾ ಬೆಲೆ ಕೊಟ್ಟೆವು, ಸ್ವಲ್ಪ ಜಗ್ಗಾಟದ ಮೇಲೆ ತೆಗೆದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ನಾಯಿಯ ಕೊರಳಿಗೆ ಕೂದಲು ಮರಳಿ ಬಂತು. ಫೋಟೋ ನೋಡಿ ಕಲಬುರಗಿಯ ಗೆಳೆಯರು ತಮಗೂ ಬೇಕೆಂದರು. ನಾವು ಖುಷಿಯಿಂದ ಹೋಗಿ, ಇಂಥದೇ ಹತ್ತು ಪಟ್ಟಿ ಮಾಡಿಕೊಡುತ್ತೀರಾ ಎಂದು ಹಿರಿಯರನ್ನು ಕೇಳಿದೆವು. ಅವರು ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು, ಆ ಹತ್ತು ನಾಯಿ ಎಲ್ಲಿವೆ ಎಂದು ಕೇಳಿದರು.